ಗೋವಿನಜೋಳಕ್ಕೆ ಸಿಗಡಿ ಸಿಪ್ಪೆ, ನುಗ್ಗೆ ಸೊಪ್ಪು: ರೋಗ ಬರುವ ಮೊದಲೇ ಮಾಡುವ ಕೆಲಸ

ಮಳೆ ನಾಡಿನವರು ಬರದ ಮಾತಾಡಿದರೆ ಬಯಲುಸೀಮೆಯವರು ನಗುತ್ತಾರೆ. ನಗಲಿ. ಬನವಾಸಿ, ಮುಂಡಗೋಡ, ಹಳಿಯಾಳ ಕಡೆ ಗೋವಿನಜೋಳ (ಮೆಕ್ಕೆಜೋಳ) ಹಾಕಿದವರಿಗೆ ಗೊತ್ತು ಅದರ ಕಷ್ಟ. ಜುಲೈನಲ್ಲಿ ಹೊಲದಲ್ಲಿ ನೀರು ನಿಂತು ಗಿಡ ಹಳದಿಯಾಗುತ್ತದೆ. ಅದರಿಂದ ಹೇಗೋ ಚೇತರಿಸಿಕೊಂಡಿತು ಅನ್ನುವಷ್ಟರಲ್ಲಿ ಆಗಸ್ಟ್ ಕೊನೆಗೆ ಮಳೆ ಕೈಕೊಡುತ್ತದೆ, ಸರಿಯಾಗಿ ಸೂಲಂಗಿ (ಗಿಡದ ತುದಿಯ ಗಂಡು ಹೂವು) ಬರುವ ಹೊತ್ತಿಗೆ ಎಲೆಗಳೆಲ್ಲ ಬೀಡಿಯ ಹಾಗೆ ಸುರುಳಿ ಸುತ್ತಿಕೊಂಡು ನಿಲ್ಲುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದ್ದು ನೆನಪಿದೆಯಲ್ವಾ? ಆ ವರ್ಷ ನಮ್ಮ ಹೊಲದಲ್ಲಿ ತೆನೆ ಇತ್ತು, ಕಾಳು ಇರಲಿಲ್ಲ.

ಅಲ್ಲಿಂದ ನಾನು ಈ ಸಿಪ್ಪೆ, ಸೊಪ್ಪಿನ ಹಿಂದೆ ಬಿದ್ದೆ. ಕೆಲವು ಕೆಲಸ ಕೊಟ್ಟವು, ಕೆಲವು ಪಂಪಿನ ನಾಜಲ್ ಕಟ್ಟಿಸಿ ಮರ್ಯಾದೆ ತೆಗೆದವು. ಏನು ಮಾಡಬೇಕು, ಯಾವಾಗ ಮಾಡಬೇಕು, ಏನು ಮಾಡಲೇಬಾರದು ಅನ್ನುವುದನ್ನು ಕೆಲಸದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಒಂದು ಮಾತು. ಇವು ಯಾವುವೂ ಔಷಧಿ ಅಲ್ಲ. ರೋಗ ಬಂದ ಮೇಲೆ ಹೊಡೆದರೆ ವಾಸಿಯಾಗುವುದಿಲ್ಲ. ಇವು ಗಿಡವನ್ನು ಎಚ್ಚರಿಸುತ್ತವೆ, ಅಷ್ಟೇ. ಅದಕ್ಕೇ ಎಷ್ಟು ಹೊಡೆದಿರಿ ಅನ್ನುವುದಕ್ಕಿಂತ ಯಾವತ್ತು ಹೊಡೆದಿರಿ ಅನ್ನುವುದು ಮುಖ್ಯ.

ಗಿಡ ಎಚ್ಚರವಾಗುವುದು ಅಂದರೆ ಏನು

ಗೋವಿನಜೋಳ ಸುಮ್ನೆ ನಿಂತು ರೋಗ ತಿನ್ನಿಸಿಕೊಳ್ಳುವ ಗಿಡ ಅಲ್ಲ. ಸಸಿಯಾಗಿದ್ದಾಗ ಅದರೊಳಗೆ ಡಿಂಬೋವಾ ಅನ್ನುವ ಕಹಿ ವಸ್ತು ಜಾಸ್ತಿ ಇರುತ್ತದೆ. ಹುಳುವಿಗೂ ಶಿಲೀಂಧ್ರಕ್ಕೂ ಅದು ಆಗಿಬರುವುದಿಲ್ಲ. ಗಿಡ ದೊಡ್ಡದಾದ ಹಾಗೆ ಅದು ಕಡಿಮೆಯಾಗುತ್ತದೆ. ಇನ್ನು ಕೌರಾಲೆಕ್ಸಿನ್, ಝೀಲೆಕ್ಸಿನ್ ಅಂತ ಎರಡು ಗುಂಪಿನ ವಸ್ತುಗಳಿವೆ. ವಿಜ್ಞಾನಿಗಳು ಇವನ್ನು ಗೋವಿನಜೋಳದಲ್ಲಿ ಗುರುತಿಸಿ ವಿವರವಾಗಿ ಬರೆದದ್ದು 2011ರಲ್ಲಿ. ಇವು ಗಿಡದಲ್ಲಿ ಮೊದಲಿಂದ ತುಂಬಿಕೊಂಡಿರುವುದಿಲ್ಲ. ಶಿಲೀಂಧ್ರ ಅಥವಾ ಹುಳು ತಗುಲಿದಾಗ ಅದೇ ಜಾಗದಲ್ಲಿ ತಯಾರಾಗುತ್ತವೆ. ನನಗೆ ಕುತೂಹಲ ಹುಟ್ಟಿಸಿದ್ದು ಆಮೇಲೆ ಗೊತ್ತಾದ ಸಂಗತಿ: ನೀರಿಲ್ಲದೆ ಬಾಡುವಾಗ ಬೇರಿನಲ್ಲೂ ಇವು ಹೆಚ್ಚುತ್ತವೆ, ಕೌರಾಲೆಕ್ಸಿನ್ ಮಾಡಲಾಗದ ಗಿಡ ಬರಕ್ಕೆ ಬೇಗ ಸೋಲುತ್ತದೆ. ಅಂದರೆ ರೋಗದ ಕಾವಲೂ ಬರದ ಕಾವಲೂ ಗಿಡದೊಳಗೆ ಪೂರ್ತಿ ಬೇರೆ ಬೇರೆ ಅಲ್ಲ.

ಸಿಗಡಿ ಸಿಪ್ಪೆ ಬರುವುದು ಇಲ್ಲಿ. ಸಿಗಡಿ, ಏಡಿಗಳ ಚಿಪ್ಪಿನಲ್ಲಿ ಕೈಟಿನ್ ಅನ್ನುವ ಗಟ್ಟಿ ವಸ್ತು ಇದೆ. ಶಿಲೀಂಧ್ರದ ಮೈಗೋಡೆಯಲ್ಲಿ ಇರುವುದೂ ಅದೇ ಕೈಟಿನ್. ಗಿಡಕ್ಕೆ ಕಣ್ಣಿಲ್ಲ, ಅದು ಮುಟ್ಟಿದ್ದನ್ನು ಗುರುತಿಸುತ್ತದೆ. ಎಲೆಗೆ ಕೈಟಿನ್ ಚೂರೋ ಅದರಿಂದ ಮಾಡಿದ ಕೈಟೋಸಾನೋ ತಗುಲಿದರೆ 'ಅರೆ, ಶಿಲೀಂಧ್ರ ಬಂತು' ಅಂತ ತಿಳಿದು ತಯಾರಿ ಶುರುಮಾಡುತ್ತದೆ. ಜೀವಕೋಶದ ಗೋಡೆ ದಪ್ಪ ಮಾಡುತ್ತದೆ, ಶಿಲೀಂಧ್ರವನ್ನು ಕರಗಿಸುವ ಕಿಣ್ವ ಮಾಡುತ್ತದೆ, ಎಲೆಯ ಉಸಿರುಬಾಯಿಗಳನ್ನು ಸ್ವಲ್ಪ ಮುಚ್ಚುತ್ತದೆ. ಉಸಿರುಬಾಯಿ ಮುಚ್ಚಿದರೆ ಶಿಲೀಂಧ್ರಕ್ಕೆ ಒಂದು ಬಾಗಿಲು ಬಂದ್, ಎಲೆಯಿಂದ ನೀರು ಆರುವುದೂ ಕಡಿಮೆ. ಒಂದೇ ಪುಡಿಯಿಂದ ಎರಡು ಕೆಲಸ ಆಗುವುದು ಹೀಗೆ.

ಕಳ್ಳ ಬರುವ ಮೊದಲೇ ನಾಯಿಯನ್ನು ಎಬ್ಬಿಸಿ ಕೂರಿಸಿದ ಹಾಗೆ ಇದು. ಆದರೆ ದಿನಾ ರಾತ್ರಿ ಸುಮ್ಮಸುಮ್ಮನೆ ಎಬ್ಬಿಸಿದರೆ ನಾಯಿಯೂ ಸೊರಗುತ್ತದೆ. ಕಾವಲಿಗೆ ಗಿಡ ಖರ್ಚು ಮಾಡುವುದು ಕಾಳಿಗೆ ಹೋಗಬೇಕಾದ ಶಕ್ತಿಯನ್ನೇ. ಹಾಗಾಗಿ ಇಡೀ ಬೆಳೆಗೆ ಎರಡು ಸಲ, ಹೆಚ್ಚೆಂದರೆ ಮೂರು ಸಲ ಸಿಂಪಡಿಸಿದರೆ ಸಾಕು.

ಹೋಳಿ ಮುಗಿದ ಮೇಲೆ: ಸಿಪ್ಪೆ ಗೊಬ್ಬರ

ಜೂನ್‌ನಲ್ಲಿ ಬಿತ್ತುವವರು ಮಾರ್ಚ್‌ನಲ್ಲೇ ಸಿಪ್ಪೆ ತರಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಿತ್ತನೆ ಹತ್ತಿರ ಬಂದಾಗ ಸಿಪ್ಪೆ ಹುಡುಕಿದರೆ ಸಿಗುವುದು ಕಷ್ಟ, ಸಿಕ್ಕರೂ ಕೊಳೆಯುವುದಕ್ಕೆ ಸಮಯ ಇರುವುದಿಲ್ಲ.

ನಮ್ಮ ಅಕ್ಕನನ್ನು ಕೊಟ್ಟಿದ್ದು ಕಾರವಾರಕ್ಕೆ. ಭಾವ ಬೈತಖೋಲ ಬಂದರಿನಲ್ಲಿ ಮೀನಿನ ಕೆಲಸ ಮಾಡುತ್ತಾರೆ. ಮೊದಲ ವರ್ಷ "ಅಕ್ಕಾ, ಸಿಗಡಿ ಸಿಪ್ಪೆ ನಾಲ್ಕು ಚೀಲ ಬೇಕಿತ್ತು" ಅಂದಾಗ ಅವಳು ಫೋನಿನಲ್ಲೇ ನಕ್ಕಳು. "ಸಿಗಡಿ ಕೇಳೂದು ಬಿಟ್ಟು ಸಿಪ್ಪೆ ಕೇಳ್ತಿ, ನಿಂಗೆ ಮಂಡೆ ಸಮ ಇದ್ಯಾ?" ಅಂದಳು. ಚೀಲವೇನೋ ತುಂಬಿಸಿಕೊಟ್ಟಳು. ಬಸ್ಸಿನಲ್ಲಿ ತರುವ ಹಾಗಿಲ್ಲ, ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ನಮ್ಮನ್ನೂ ಚೀಲವನ್ನೂ ಕೆಳಗೆ ಇಳಿಸುತ್ತಾರೆ. ಶಿರಸಿಗೆ ಖಾಲಿ ಬರುವ ಗೂಡ್ಸ್ ಗಾಡಿ ನೋಡಿಕೊಳ್ಳಿ.

ಆ ವರ್ಷ ನಾನು ಸಿಪ್ಪೆಯನ್ನು ಹಸಿಹಸಿಯಾಗಿ ಗೊಬ್ಬರ ಗುಂಡಿಗೆ ಸುರಿದು ಮೇಲೆ ಎರಡು ಬುಟ್ಟಿ ಸೊಪ್ಪು ಮುಚ್ಚಿದೆ. ರಾತ್ರಿ ಊರಿನ ನಾಯಿಗಳೆಲ್ಲ ಸೇರಿ ಗುಂಡಿಯನ್ನು ಅಗೆದು ಬಯಲು ಮಾಡಿದವು. ಬೆಳಿಗ್ಗೆ ಪಕ್ಕದ ಹೊಲದ ಮಾಬ್ಲಣ್ಣ ಮೂಗು ಮುಚ್ಚಿಕೊಂಡು ಬೇಲಿ ಹತ್ತಿರ ನಿಂತಿದ್ದ. "ಎಂತ ಮಾರಾಯಾ, ಮೀನು ಮಾರ್ಕೆಟ್ಟು ಇಲ್ಲಿಗೇ ತಂದ್ಯಾ?" ಅಂದ. ಉತ್ತರ ಇರಲಿಲ್ಲ.

ಈಗ ಮಾಡುವುದು ಹೀಗೆ. ಕಡಲ ತೀರದಲ್ಲೇ ಸಿಪ್ಪೆಯನ್ನು ಎರಡು ಸಲ ಸಿಹಿನೀರಿನಲ್ಲಿ ತೊಳೆಸುತ್ತೇನೆ, ಉಪ್ಪು ಹೋಗಬೇಕು. ಅಲ್ಲೇ ಎರಡು ಮೂರು ದಿನ ಬಿಸಿಲಿಗೆ ಒಣಗಿಸಿದರೆ ಭಾರವೂ ಇಳಿಯುತ್ತದೆ, ವಾಸನೆಯೂ ಕಡಿಮೆ. ಒಣಗಿದ ಸಿಪ್ಪೆ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯಬೇಕು. ಹಾಗೆ ಮುರಿಯದಿದ್ದರೆ ಇನ್ನೊಂದು ದಿನ ಒಣಗಲಿ. ಚೀಲದಲ್ಲೇ ಇಟ್ಟು ಕೊಡತಿಯಿಂದ ಬಡಿದರೆ ಪುಡಿಯಾಗುತ್ತದೆ. ಒಂದು ಪಾಲು ಸಿಪ್ಪೆಗೆ ಹತ್ತು ಪಾಲು ಸಗಣಿ ಮತ್ತು ದರಕು, ಅಂದರೆ ಉದುರಿದ ಒಣ ಎಲೆ. ಬೆಟ್ಟದಿಂದ ಗುಡಿಸಿ ತಂದ ದರಕು ಇದ್ದರೆ ಬಹಳ ಒಳ್ಳೆಯದು. ದರಕು, ಸಗಣಿ, ಸಿಪ್ಪೆ, ಮತ್ತೆ ದರಕು, ಹೀಗೆ ಪದರ ಪದರವಾಗಿ ಹಾಕಿ ನೀರು ಚಿಮುಕಿಸಿ, ಮೇಲೆ ಒಂದು ಗೇಣು ಮಣ್ಣು ಹಾಕಿ. ಅದರ ಮೇಲೆ ತೆಂಗಿನ ಮಡಲು, ಮಡಲಿನ ಮೇಲೆ ಕಲ್ಲು. ನಾಯಿಗೆ ಕಲ್ಲೇ ಮದ್ದು. ಒಲೆ ಬೂದಿ ಹಾಕಬೇಡಿ, ಬೂದಿ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೂ ಹೊಡೆಯುತ್ತದೆ.

ಹದಿನೈದು ದಿನಕ್ಕೊಮ್ಮೆ ತಿರುವಿ ಹಾಕಿದರೆ ಎರಡೂವರೆ ತಿಂಗಳಿಗೆ ಗೊಬ್ಬರ ತಯಾರು. ಸಿಪ್ಪೆ ಪೂರ್ತಿ ಕರಗಿರುವುದಿಲ್ಲ, ತಿಳಿ ಕೆಂಪು ಚೂರುಗಳು ಕಾಣುತ್ತವೆ. ಇರಲಿ. ಮಣ್ಣಿಗೆ ಸೇರಿದ ಮೇಲೆ ಕೈಟಿನ್ ತಿನ್ನುವ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆಯುತ್ತವೆ. ಕೈಟಿನ್ ತಿಂದು ರೂಢಿಯಾದ ಇವು ಮಣ್ಣಿನಲ್ಲಿರುವ ರೋಗದ ಶಿಲೀಂಧ್ರದ ಗೋಡೆಗೂ ಬಾಯಿ ಹಾಕುತ್ತವೆ, ಬೇರಿಗೆ ಬೀಳುವ ಜಂತುಹುಳದ ಮೊಟ್ಟೆಗೂ ಬಾಯಿ ಹಾಕುತ್ತವೆ. ನಾನು ಎಕರೆಗೆ ನಾಲ್ಕೈದು ಕ್ವಿಂಟಲ್ ಗೊಬ್ಬರವನ್ನು ಬಿತ್ತುವ ಸಾಲಿಗೇ ಹಾಕುತ್ತೇನೆ, ಹೊಲಕ್ಕೆಲ್ಲ ಎರಚಿದರೆ ಎಲ್ಲೂ ಸಾಲುವುದಿಲ್ಲ. ಹಾಕುವ ಮುಂಚೆ ಒಂದು ತೆಂಗಿನ ಗರಟೆಯಲ್ಲಿ ಗೊಬ್ಬರ ತುಂಬಿ ಹತ್ತು ಹೆಸರುಕಾಳು ಊರಿ ನೋಡಿ. ಎಂಟು ಒಂಬತ್ತು ಮೊಳೆತರೆ ಉಪ್ಪಿನ ಭಯ ಇಲ್ಲ.

ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ) ಹಾಕುವವರು ಅದನ್ನು ಇದೇ ಗೊಬ್ಬರಕ್ಕೆ ಬೆರೆಸಬಹುದು, ನೂರು ಕಿಲೋ ಗೊಬ್ಬರಕ್ಕೆ ಒಂದು ಕಿಲೋ, ಬಿತ್ತುವ ಹತ್ತು ಹದಿನೈದು ದಿನ ಮೊದಲು, ನೆರಳಿನಲ್ಲಿ. ಅದೂ ಕೈಟಿನ್ ಕರಗಿಸುವ ಜೀವಿಯೇ.

ಮನೆಗೆ ಮೀನು ತರದವರು ಸಿಪ್ಪೆ ಗೊಬ್ಬರ ಬಿಟ್ಟು ಮುಂದಿನದಕ್ಕೆ ಹೋಗಬಹುದು. ಶಿರಸಿ ಕಡೆ ಅಂಥ ಮನೆ ಜಾಸ್ತಿ, ಅದರಲ್ಲಿ ಬೇಜಾರಿಲ್ಲ. ನುಗ್ಗೆ ಸೊಪ್ಪಿಗೆ ಯಾರ ಮನೆಯಲ್ಲೂ ತಕರಾರಿಲ್ಲ.

ಕೈಟೋಸಾನ್ ದ್ರಾವಣ

ಸಿಪ್ಪೆಯಿಂದ ಕೈಟೋಸಾನನ್ನು ಮನೆಯಲ್ಲೇ ಮಾಡುವುದು ಹೇಗೆ ಅಂತ ಕೆಲವರು ಕೇಳುತ್ತಾರೆ. ಮಾಡಬೇಡಿ. ಮೊದಲು ಆಮ್ಲದಲ್ಲಿ ಸುಣ್ಣದ ಅಂಶ ತೆಗೆಯಬೇಕು, ಆಮೇಲೆ ಕ್ಷಾರದಲ್ಲಿ ಪ್ರೋಟೀನ್ ತೆಗೆಯಬೇಕು, ಕೊನೆಗೆ ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಬೇಕು. ಕಣ್ಣಿಗೆ ಒಂದು ಹನಿ ಸಿಡಿದರೆ ಕಣ್ಣೇ ಹೋಗುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದರ ತಂತ್ರಜ್ಞಾನದ ಮೇಲೆ ಬಹಳ ಕೆಲಸ ಮಾಡಿದೆ, ಅದು ಕಾರ್ಖಾನೆಯ ಕೆಲಸ. ನಾವು ಪುಡಿ ಕೊಂಡುಕೊಳ್ಳೋಣ. ಎಕರೆಗೆ ಒಂದು ಸಿಂಪಡಣೆಗೆ ಹದಿನೈದು ಹದಿನಾರು ಗ್ರಾಂ ಸಾಕು.

ಪುಡಿ ಬರೀ ನೀರಿನಲ್ಲಿ ಕರಗುವುದಿಲ್ಲ, ಹುಳಿ ಬೇಕು. 800 ಮಿಲಿ ನೀರಿಗೆ 200 ಮಿಲಿ ಅಡುಗೆಯ ಬಿಳಿ ವಿನೆಗರ್ ಹಾಕಿ. 5 ಶೇಕಡಾದ್ದು ಅಂತ ಬಾಟಲಿ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ಅದಕ್ಕೆ 10 ಗ್ರಾಂ ಕೈಟೋಸಾನ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕೋಲಿನಿಂದ ತಿರುಗಿಸಿ. ಒಂದೇ ಸಲ ಸುರಿದರೆ ರಾಗಿಹಿಟ್ಟಿನ ಗಂಟಿನ ಹಾಗೆ ಗಂಟು ಕಟ್ಟುತ್ತದೆ, ಒಳಗೆ ಒಣ ಪುಡಿ ಹಾಗೇ ಉಳಿಯುತ್ತದೆ. ಸಂಜೆ ಮಾಡಿಟ್ಟರೆ ಬೆಳಿಗ್ಗೆಗೆ ತೆಳು ಗಂಜಿ ತಿಳಿಯ ಹಾಗೆ ಆಗಿರುತ್ತದೆ. ಬಟ್ಟೆಯಲ್ಲಿ ಸೋಸಿ. ಇದು 1 ಶೇಕಡಾ ದ್ರಾವಣ. ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲೇ ಮಾಡಿ, ಅಲ್ಯೂಮಿನಿಯಂ ಬೇಡ.

16 ಲೀಟರ್ ಪಂಪಿಗೆ 160 ಮಿಲಿ ಹಾಕಿದರೆ ಲೀಟರಿಗೆ 100 ಮಿಲಿಗ್ರಾಂ ಬೀಳುತ್ತದೆ. ಇಷ್ಟೇ ಸಾಕು, 'ಇನ್ನೊಂದು ಚೂರು ಇರಲಿ' ಅಂತ ಕೈ ಜಾರಿಸಬೇಡಿ. ಅಂಗಡಿಯಲ್ಲಿ ಕರಗಿಸಿಟ್ಟ ಬಾಟಲಿಯೂ ಸಿಗುತ್ತದೆ. ಒಂದೊಂದರಲ್ಲಿ ಒಂದೊಂದು ಪ್ರಮಾಣ ಇರುವುದರಿಂದ ಲೇಬಲ್ ಓದಿ ಲೆಕ್ಕ ಹಾಕಿಕೊಳ್ಳಿ.

ಇನ್ನು ನನ್ನ ನಾಜಲ್ ಕಥೆ. ಕಡಲಕಳೆಯ ದ್ರಾವಣವೂ ಬರಕ್ಕೆ ಒಳ್ಳೆಯದು ಅಂತ ಓದಿದ್ದೆ. ಎರಡೂ ಒಳ್ಳೆಯದಾದರೆ ಎರಡನ್ನೂ ಒಂದೇ ಪಂಪಿಗೆ ಹಾಕಿ ಒಂದೇ ಸಲ ಕೆಲಸ ಮುಗಿಸೋಣ ಅಂತ ನನ್ನ ಬುದ್ಧಿ. ಕಂದು ದ್ರಾವಣ ಹಾಕಿದೆ, ಮೇಲಿಂದ ಕೈಟೋಸಾನ್ ಸುರಿದೆ, ಮುಚ್ಚಿ ಅಲ್ಲಾಡಿಸಿದೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ನಾಜಲ್ ಕೆಮ್ಮಿತು, ಆಮೇಲೆ ನಿಂತೇಹೋಯಿತು. ಮುಚ್ಚಳ ತೆಗೆದು ನೋಡಿದರೆ ಒಳಗೆ ಕಂದು ಬಣ್ಣದ ದಾರದಾರ, ಒಡೆದ ಹಾಲಿನ ಹಾಗೆ. ಕೈ ಹಾಕಿ ಎತ್ತಿದೆ, ಬೆರಳಿಗೆ ಲೋಳೆ ಸುತ್ತಿಕೊಂಡು ಜೋತುಬಿತ್ತು. ಕಂದು ಕಡಲಕಳೆಯಲ್ಲಿ ಆಲ್ಜಿನೇಟ್ ಅನ್ನುವ ಅಂಟು ಇರುತ್ತದೆ, ಅದಕ್ಕೂ ಕೈಟೋಸಾನಿಗೂ ವಿರುದ್ಧ ವಿದ್ಯುದಂಶ, ಸೇರಿದ ತಕ್ಷಣ ಗಟ್ಟಿಯಾಗುತ್ತವೆ. ಆ ದಿನ ಸಂಜೆವರೆಗೂ ಪಿನ್ನು ಹಿಡಿದು ನಾಜಲ್ ತೋಡುತ್ತಾ ಕೂತಿದ್ದೆ. ಎರಡೂ ಬೇಕಿದ್ದರೆ ವಾರ ಬಿಟ್ಟು ಬೇರೆ ಬೇರೆ ಹೊಡೆಯಿರಿ. ಹಾಗೆಯೇ ಸುಣ್ಣದ ತಿಳಿ, ಬೂದಿ ನೀರು, ಸೋಪಿನ ನೀರು ಇವುಗಳ ಜೊತೆಗೂ ಕೈಟೋಸಾನ್ ಬೆರೆಸಬಾರದು. ಹುಳಿ ಹೋದರೆ ಅದು ಮತ್ತೆ ಗಸಿಯಾಗಿ ತಳಕ್ಕೆ ಕೂರುತ್ತದೆ.

ಬಿತ್ತುವ ಹಿಂದಿನ ದಿನ

ಬೀಜದ ಪ್ಯಾಕೆಟ್ ಬಿಚ್ಚಿ ಬಣ್ಣ ನೋಡಿ. ಕೆಂಪು, ಗುಲಾಬಿ, ಹಸಿರು ಬಣ್ಣ ಇದ್ದರೆ ಕಂಪನಿಯವರೇ ಬೀಜೋಪಚಾರ ಮಾಡಿದ್ದಾರೆ ಅಂತ ಅರ್ಥ. ಹೈಬ್ರಿಡ್ ಬೀಜ ಬಹುತೇಕ ಹೀಗೇ ಬರುತ್ತದೆ. ಅದನ್ನು ನೆನೆಹಾಕಬೇಡಿ. ಹಾಕಿದರೆ ಔಷಧಿ ತೊಳೆದುಹೋಗುತ್ತದೆ, ಆ ನೀರನ್ನು ಚೆಲ್ಲುವುದೂ ಒಂದು ತಲೆನೋವು, ದನ ಬಾಯಿ ಹಾಕಿದರೆ ಅನಾಹುತ. ಹಾಗೇ ಬಿತ್ತಿ.

ಬಣ್ಣ ಇಲ್ಲದ ಬೀಜ, ಅಂದರೆ ಮನೆಯಲ್ಲಿ ಇಟ್ಟುಕೊಂಡ ಸ್ಥಳೀಯ ತಳಿ ಅಥವಾ ಉಪಚಾರ ಮಾಡದ ಬೀಜ ಇದ್ದರೆ ಮಾತ್ರ ಈ ಕೆಲಸ. ಎಕರೆಗೆ ಏಳೆಂಟು ಕಿಲೋ ಬೀಜ ಬೇಕಲ್ವಾ, ಅದಕ್ಕೆ 7.2 ಲೀಟರ್ ನೀರಿಗೆ 800 ಮಿಲಿ ಕೈಟೋಸಾನ್ ದ್ರಾವಣ ಬೆರೆಸಿ, ರಾತ್ರಿ ಎಂಟು ಹತ್ತು ತಾಸು ನೆನೆಸಿ. ಬೆಳಿಗ್ಗೆ ಬಸಿದು ನೆರಳಿನಲ್ಲಿ ಗೋಣಿ ಮೇಲೆ ತೆಳುವಾಗಿ ಹರಡಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಅವತ್ತೇ ಬಿತ್ತಿ. ಮಣ್ಣಿನಲ್ಲಿ ಹಸಿ ಇರಲೇಬೇಕು. ನೆನೆದ ಬೀಜ ಒಣ ಮಣ್ಣಿಗೆ ಬಿದ್ದರೆ ಮೊಳಕೆ ಒಳಗೇ ಸಾಯುತ್ತದೆ. ಮಳೆ ನಂಬಿ ಒಣ ಬಿತ್ತನೆ ಮಾಡುವವರಿಗೆ ಈ ಹೆಜ್ಜೆ ಬೇಡವೇ ಬೇಡ. ಮೊದಲ ಸಲ ಮಾಡುವವರು ಐವತ್ತು ಕಾಳು ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ಟ್ರೈಕೋಡರ್ಮಾವನ್ನು ಇದೇ ಬೀಜಕ್ಕೆ ಲೇಪಿಸಬೇಡಿ. ಅದೂ ಶಿಲೀಂಧ್ರವೇ, ಕೈಟೋಸಾನ್ ಅದಕ್ಕೂ ತೊಡಕು. ಅದು ಗೊಬ್ಬರದಲ್ಲೇ ಇರಲಿ.

ಬೀಜ ನೆನೆಸುವುದರ ಲಾಭ ಕಣ್ಣಿಗೆ ಕಾಣುವುದು ಒಂದೇ: ಮೊಳಕೆ ಒಟ್ಟಿಗೆ, ಬೇಗ ಮೇಲೆ ಬರುತ್ತದೆ. ನಮ್ಮ ಕಡೆ ಜೂನ್ ಮಳೆ ಒಂದೇ ಸಮ ಹೊಯ್ಯಲು ಶುರುವಾಗುವ ಮೊದಲು ಸಸಿ ನಾಲ್ಕೆಲೆ ಬಿಟ್ಟರೆ ಅದೇ ಅರ್ಧ ಗೆದ್ದ ಹಾಗೆ.

ಇಪ್ಪತ್ತೈದನೇ ದಿನ

ಮೊದಲ ಸಿಂಪಡಣೆ ಇಪ್ಪತ್ತರಿಂದ ಇಪ್ಪತ್ತೈದು ದಿನಕ್ಕೆ. ಕೈಟೋಸಾನ್, ಮೇಲೆ ಹೇಳಿದ ಅಳತೆ. ಗಿಡ ಚಿಕ್ಕದಿರುವುದರಿಂದ ಎಕರೆಗೆ ಐದಾರು ಪಂಪು ಸಾಕು. ತೊಂದರೆ ಏನೆಂದರೆ ಮಳೆ. ಹೊಡೆದ ಮೇಲೆ ನಾಲ್ಕೈದು ತಾಸು ಹೊಳವು, ಅಂದರೆ ಮಳೆಯ ಬಿಡುವು, ಬೇಕು. ಜುಲೈನಲ್ಲಿ ಶಿರಸಿ ಸೀಮೆಯಲ್ಲಿ ನಾಲ್ಕು ತಾಸು ಹೊಳವು ಕೇಳುವುದು ದೇವರಲ್ಲಿ ವರ ಕೇಳಿದ ಹಾಗೆ, ಆದರೂ ಒಂದು ವಾರದಲ್ಲಿ ಒಂದು ದಿನ ಸಿಕ್ಕೇ ಸಿಗುತ್ತದೆ. ಕಾಯಿರಿ. ಒದ್ದೆ ಎಲೆಗೆ ಹೊಡೆಯಬೇಡಿ, ಎಲ್ಲ ಜಾರಿ ಮಣ್ಣಿಗೆ ಹೋಗುತ್ತದೆ.

ಇದೇ ಹೊತ್ತಿಗೆ ಸುಳಿ ಬಗ್ಗಿಸಿ ಒಳಗೆ ನೋಡಿ. ಮರದ ಹೊಟ್ಟಿನಂಥ ಹಿಕ್ಕೆ ಇದ್ದರೆ ಅದು ಸೈನಿಕ ಹುಳು, 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗ ಕಡೆ ಕಂಡದ್ದು. ಕೈಟೋಸಾನಿಗೂ ಅದಕ್ಕೂ ಸಂಬಂಧ ಇಲ್ಲ. ಅದಕ್ಕೆ ಬೇರೆಯೇ ಕ್ರಮ ಬೇಕು, ಬೇವಿನ ಎಣ್ಣೆಯ ಔಷಧಿ ಸಣ್ಣ ಹುಳುವಿಗೆ ಆಗುತ್ತದೆ, ದೊಡ್ಡದಾದ ಮೇಲೆ ಆಗುವುದಿಲ್ಲ.

ಮೊಣಕಾಲೆತ್ತರಕ್ಕೆ ಬಂದಾಗ: ನುಗ್ಗೆ ಸೊಪ್ಪು

ನುಗ್ಗೆ ಸೊಪ್ಪಿನ ರಸದಲ್ಲಿ ಝಿಯಾಟಿನ್ ಅನ್ನುವ ಬೆಳವಣಿಗೆಯ ವಸ್ತು ಇದೆ. ಎಲೆ ಬೇಗ ಮುದಿಯಾಗದಂತೆ, ಹಸಿರು ಹೋಗದಂತೆ ತಡೆಯುವುದು ಅದರ ಕೆಲಸ. ತಮಾಷೆ ಏನೆಂದರೆ ಈ ವಸ್ತುವನ್ನು ವಿಜ್ಞಾನಿಗಳು 1963ರಲ್ಲಿ ಮೊದಲು ಬೇರ್ಪಡಿಸಿದ್ದು ಗೋವಿನಜೋಳದ ಎಳೆ ಕಾಳಿನಿಂದಲೇ. ಹೆಸರು ಬಂದದ್ದೂ ಅಲ್ಲಿಂದಲೇ, ಗೋವಿನಜೋಳದ ಶಾಸ್ತ್ರೀಯ ಹೆಸರು ಝಿಯಾ ಮೇಸ್. ಜೋಳದ್ದೇ ವಸ್ತುವನ್ನು ನುಗ್ಗೆಯಿಂದ ತೆಗೆದು ಜೋಳಕ್ಕೇ ಕೊಡುತ್ತಿದ್ದೇವೆ.

ಎಳೆ ಸೊಪ್ಪು ಒಂದು ಕಿಲೋ ಕಿತ್ತು, ದಪ್ಪ ಕಡ್ಡಿ ತೆಗೆದು, ತಿರುಗುವುದಕ್ಕೆ ಬೇಕಾದಷ್ಟೇ ನೀರು ಹಾಕಿ ರುಬ್ಬಿ. ಹಳೆ ಪಂಚೆಯಲ್ಲಿ ಹಿಂಡಿದರೆ ಹೆಚ್ಚುಕಡಿಮೆ ಅರ್ಧ ಲೀಟರ್ ರಸ ಬರುತ್ತದೆ. ಇನ್ನೊಂದು ಸಲ ತೆಳು ಬಟ್ಟೆಯಲ್ಲಿ ಸೋಸಿ. ಒಂದು ಪಾಲು ರಸಕ್ಕೆ ಮೂವತ್ತು ಪಾಲು ನೀರು, ಅಂದರೆ ಒಂದು ಪಂಪಿಗೆ ಅರ್ಧ ಲೀಟರ್. ರಸ ಹಿಂಡಿದ ಮೇಲೆ ಐದು ತಾಸಿನೊಳಗೆ ಹೊಡೆದು ಮುಗಿಸಬೇಕು, ನಾಳೆಗೆ ಇಟ್ಟರೆ ಹುಳಿ ವಾಸನೆ ಬರುತ್ತದೆ. ಎಕರೆಗೆ ಎಂಟು ಹತ್ತು ಪಂಪು ಅಂದರೆ ಎಂಟು ಹತ್ತು ಕಿಲೋ ಸೊಪ್ಪು, ಕೀಳುವವರು ಯಾರು ಅನ್ನುವುದೇ ಪ್ರಶ್ನೆ. ನಮ್ಮ ಮನೆಯಲ್ಲಿ ಅದು ಅಮ್ಮನ ಕೆಲಸ, ಕಿತ್ತದ್ದರಲ್ಲಿ ಮೊದಲ ಮುಷ್ಟಿ ಪಲ್ಯಕ್ಕೆ ಹೋಗುತ್ತದೆ. ಬೇಲಿ ಗುಂಟ ನುಗ್ಗೆ ಗೂಟ ಊರಿಟ್ಟರೆ ಎರಡನೇ ವರ್ಷಕ್ಕೆ ಸೊಪ್ಪಿನ ಚಿಂತೆ ಇಲ್ಲ.

ಇದನ್ನು ಒಂದು ಸಲ ಮೊಣಕಾಲೆತ್ತರದಲ್ಲಿ, ಇನ್ನೊಂದು ಸಲ ತೆನೆ ಕಾಳು ಕಟ್ಟುವಾಗ ಹೊಡೆಯುತ್ತೇನೆ. ಕೈಟೋಸಾನಿನ ಹಾಗೆ ಇದು ಗಿಡವನ್ನು ಹೆದರಿಸುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಎರಡು ಮೂರು ಸಲದ ಲೆಕ್ಕಕ್ಕೆ ಇದು ಸೇರುವುದಿಲ್ಲ.

ಕಡಲಕಳೆ ದ್ರಾವಣ ಬಳಸುವವರು ನುಗ್ಗೆಯ ಬದಲು ಅದನ್ನು ಇದೇ ಹಂತದಲ್ಲಿ ಬಳಸಬಹುದು, ಲೇಬಲ್ಲಿನ ಅಳತೆಯಲ್ಲಿ. ಕಡಲ ದಂಡೆಯ ಬಂಡೆಯಿಂದ ನೀವೇ ಕಳೆ ಕಿತ್ತು ತಂದು ಕುದಿಸುವುದು ಬೇಡ. ಉಪ್ಪಿನ ಅಂದಾಜು ಸಿಗುವುದಿಲ್ಲ, ಎಲೆ ಸುಡುತ್ತದೆ. ದಡಕ್ಕೆ ತಾನಾಗಿ ಬಂದು ಬಿದ್ದ ಕಳೆ ಸಿಕ್ಕರೆ ತೊಳೆದು ಗೊಬ್ಬರ ಗುಂಡಿಗೆ ಹಾಕಿ.

ಸೂಲಂಗಿ ಬರುವ ಮೊದಲು

ಇಡೀ ಲೇಖನದಲ್ಲಿ ಒಂದೇ ದಿನ ನೆನಪಿಡುವುದಾದರೆ ಇದನ್ನು ಇಡಿ. ಗೋವಿನಜೋಳಕ್ಕೆ ನೀರಿನ ಬರ ಅತಿ ಹೆಚ್ಚು ಪೆಟ್ಟು ಕೊಡುವುದು ಸೂಲಂಗಿ ಹಾಗೂ ತೆನೆಯ ಕೂದಲು ಬರುವ ಎರಡು ಮೂರು ವಾರಗಳಲ್ಲಿ. ನೀರಿಲ್ಲದಿದ್ದರೆ ಮೇಲೆ ಗಂಡು ಹೂವು ತನ್ನ ಸಮಯಕ್ಕೆ ಬರುತ್ತದೆ, ಕೆಳಗೆ ಕೂದಲು ತಡವಾಗುತ್ತದೆ. ಹುಡಿ ಉದುರಿ ಮುಗಿದ ಮೇಲೆ ಕೂದಲು ಬಂದರೆ ಕಾಳು ಕಟ್ಟುವುದು ಹೇಗೆ? 2023ರಲ್ಲಿ ನಮಗೆ ಆದದ್ದು ಅದೇ.

ಹಾಗಾಗಿ ಎರಡನೇ ಕೈಟೋಸಾನ್ ಸಿಂಪಡಣೆ ನಲವತ್ತರಿಂದ ನಲವತ್ತೈದು ದಿನಕ್ಕೆ, ಸೂಲಂಗಿ ಇನ್ನೂ ಸುಳಿಯೊಳಗೇ ಇರುವಾಗ. ಎಕರೆಗೆ ಒಂಬತ್ತು ಹತ್ತು ಪಂಪು. ಕೆಳಗಿನ ಎಲೆಗೂ ಬೀಳಲಿ, ಏಕೆಂದರೆ ಎಲೆ ಅಂಗಮಾರಿ ಶುರುವಾಗುವುದು ಕೆಳಗಿನಿಂದ. ಆ ರೋಗದ ಗುರುತು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ, ಎಲೆ ಮೇಲೆ ಉದ್ದುದ್ದ ಬೂದು ಮಚ್ಚೆ, ಎರಡು ತುದಿ ಚೂಪು, ಥೇಟು ದೋಣಿಯ ಆಕಾರ. ತಂಪು, ಇಬ್ಬನಿ, ಮೋಡ ಇದ್ದರೆ ಬೇಗ ಏರುತ್ತದೆ.

ಇದರ ಬದಲು ಸ್ಯಾಲಿಸಿಲಿಕ್ ಆಮ್ಲ ಬಳಸುವವರಿದ್ದಾರೆ. ಗಿಡ ತನ್ನೊಳಗೆ ಸುದ್ದಿ ಮುಟ್ಟಿಸಲು ತಾನೇ ಮಾಡಿಕೊಳ್ಳುವ ವಸ್ತು ಅದು. 10 ಲೀಟರಿಗೆ 1 ಗ್ರಾಂ, ಮೊದಲು ಒಂದು ಲೀಟರ್ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿಕೊಂಡು ಆಮೇಲೆ ಉಳಿದ ನೀರು ಸೇರಿಸಬೇಕು. ಅಳೆಯಲು ಬಂಗಾರದ ಅಂಗಡಿಯವರ ಹಾಗೆ ಸಣ್ಣ ತಕ್ಕಡಿ ಬೇಕು, ಚಮಚದ ಅಂದಾಜು ನಡೆಯುವುದಿಲ್ಲ. ಹೆಚ್ಚಾದರೆ ಎಲೆ ತುದಿ ಸುಟ್ಟು ಬೆಳವಣಿಗೆ ನಿಲ್ಲುತ್ತದೆ. ತಲೆನೋವಿನ ಮಾತ್ರೆ ಪುಡಿ ಮಾಡಿ ಹಾಕುವ ಉಪಾಯ ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ನನ್ನ ಕೇಳಿದರೆ, ಕೈಟೋಸಾನ್ ಸಿಗುತ್ತಿರುವಾಗ ಇದರ ಗೊಡವೆ ಬೇಡ. ಎರಡನ್ನೂ ಒಂದೇ ವಾರ ಅಂತೂ ಬೇಡವೇ ಬೇಡ.

ಯಾವುದೇ ಸಿಂಪಡಣೆ ಸಂಜೆ ನಾಲ್ಕರ ಮೇಲೆ ಮಾಡಿ. ಸೂಲಂಗಿ ಬಂದ ಮೇಲೆ ಬೆಳಗಿನ ಹೊತ್ತು ಹುಡಿ ಉದುರುತ್ತಿರುತ್ತದೆ, ಆಗ ನೀರು ಹೊಡೆದರೆ ಹುಡಿ ಹಾಳು.

ಹೊಂಡದಲ್ಲೋ ಬೋರಿನಲ್ಲೋ ಒಂದೇ ಒಂದು ನೀರು ಕೊಡುವಷ್ಟು ಇದ್ದರೆ ಅದನ್ನು ಕೂದಲು ಬರುವ ಹೊತ್ತಿಗೆ ಕೊಡಿ. ಯಾವ ಕೈಟೋಸಾನೂ ನೀರಿನ ಜಾಗದಲ್ಲಿ ಕೂರುವುದಿಲ್ಲ. ಮಳೆ ಎರಡು ವಾರ ತಡವಾದರೆ ಗಿಡ ತಡೆದುಕೊಳ್ಳಬಹುದು, ಒಂದೂವರೆ ತಿಂಗಳು ಬಾರದಿದ್ದರೆ ತಡೆಯುವುದಿಲ್ಲ. ಸಾಲಿನ ನಡುವೆ ದರಕು ಹೊದಿಸುವುದು ಈ ಎಲ್ಲ ಸಿಂಪಡಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ, ಆದರೆ ಎಕರೆಗಟ್ಟಲೆ ಹೊದಿಸುವಷ್ಟು ದರಕು ಯಾರ ಬೆಟ್ಟದಲ್ಲಿದೆ ಹೇಳಿ.

ಭತ್ತದ ಉಮಿಯ ಕರಿ ಬೂದಿ ಸಿಕ್ಕರೆ ಮಣ್ಣು ಏರಿಸುವಾಗ ಬುಡಕ್ಕೆ ಹಾಕಿ. ಉಮಿ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ. ಗೋವಿನಜೋಳ ಅದನ್ನು ಹೀರಿ ಎಲೆ, ಕಾಂಡ ಗಡುಸು ಮಾಡಿಕೊಳ್ಳುತ್ತದೆ. ಕಡಿಮೆ ಬೆಂಕಿಯಲ್ಲಿ ಸುಟ್ಟು ಕಪ್ಪಾಗಿರುವ ಬೂದಿಯೇ ಒಳ್ಳೆಯದು, ಬೆಳ್ಳಗೆ ಸುಟ್ಟದ್ದು ಬೇಗ ಕರಗುವುದಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ರೋಗ ಬಂದೇಬಿಟ್ಟರೆ

ದೋಣಿ ಮಚ್ಚೆ ತೆನೆಯ ಹತ್ತಿರದ ಎಲೆಗೆ ಏರಿದ ಮೇಲೆ ಸಿಪ್ಪೆ ಸೊಪ್ಪು ಅಂತ ಕಾಯುತ್ತಾ ಕೂರಬೇಡಿ. ತೆನೆಗೆ ಊಟ ಹಾಕುವುದು ಆ ಎಲೆಗಳೇ. ಮ್ಯಾಂಕೋಜೆಬ್ ಲೀಟರಿಗೆ 2.5 ಗ್ರಾಂ, ಅದು ಬಹುಕಾಲದ ಶಿಫಾರಸು. ಹೊಡೆಯುವ ಮುಂಚೆ ಒಂದು ರೋಗದ ಎಲೆ ಕಿತ್ತುಕೊಂಡು ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಕೇದಿಗೆ ರೋಗ ಬಂದ ಗಿಡ ಮಾತ್ರ, ಎಲೆ ಬಿಳಿಚಿಕೊಂಡು ಕೇದಿಗೆ ಗರಿಯ ಹಾಗೆ ನೆಟ್ಟಗೆ ನಿಂತಿರುತ್ತದೆ, ಅದನ್ನು ಬುಡ ಸಮೇತ ಕಿತ್ತು ಹೊರಗೆ ಒಯ್ದು ಸುಟ್ಟುಬಿಡಿ.

ನಾಲ್ಕು ಸಾಲು ಬಿಡಿ

ಹೊಲದ ನಡುವೆ ನಾಲ್ಕು ಸಾಲಿಗೆ ಏನೂ ಹೊಡೆಯದೆ ಬಿಡಿ. ಅಂಚಿನಲ್ಲಿ ಬೇಡ, ನಡುವೆಯೇ ಇರಲಿ, ಗೂಟ ಹೊಡೆದು ಗುರುತು ಮಾಡಿ. ಇದು ಬಿಟ್ಟರೆ ನಮಗೆ ಏನು ಕೆಲಸ ಮಾಡಿತು ಅಂತ ತಿಳಿಯುವುದೇ ಇಲ್ಲ. ಒಳ್ಳೆ ಮಳೆ ಬಂದ ವರ್ಷ ಎಲ್ಲದರ ಕೀರ್ತಿಯೂ ನುಗ್ಗೆ ಸೊಪ್ಪಿಗೇ ಹೋಗುತ್ತದೆ.

ತೆನೆ ಮುರಿಯುವ ಮೊದಲು ಹೊಡೆದ ಕಡೆ, ಬಿಟ್ಟ ಕಡೆ ಎರಡರಲ್ಲೂ ನಡೆದಾಡಿ, ಇಪ್ಪತ್ತು ಗಿಡದ ಬುಡದ ಮೇಲಿನ ಎರಡನೇ ಗಣ್ಣಿನ ಹತ್ತಿರ ಹೆಬ್ಬೆರಳಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಕಾಂಡ ಕೊಳೆ. ಅಂಥ ಒಂದನ್ನು ಸೀಳಿ ನೋಡಿ, ಒಳಗೆ ನಾರುನಾರಾಗಿ ಇದ್ದಿಲು ಪುಡಿ ಉದುರಿಸಿದ ಹಾಗೆ ಕಪ್ಪಗಿದ್ದರೆ ಅದು ಹೂ ಬಿಟ್ಟ ಮೇಲೆ ನೀರು ಸಾಲದೆ ಬಂದದ್ದು. ಆಮೇಲೆ ಎರಡೂ ಕಡೆಯಿಂದ ಹತ್ತತ್ತು ತೆನೆ ಮುರಿದು, ಸುಲಿದು, ತುದಿಯಲ್ಲಿ ಕಾಳಿಲ್ಲದೆ ಬೋಳಾದದ್ದು ಎಷ್ಟು ಬೆರಳು ಅಂತ ಅಳೆದು, ಒಣಗಿಸಿ ಕಾಳು ತೂಗಿ. ಕಳೆದ ವರ್ಷ ನಮ್ಮಲ್ಲಿ ಹೊಡೆದ ಕಡೆ ಬೋಳು ಒಂದು ಬೆರಳು, ಬಿಟ್ಟ ಕಡೆ ಎರಡು. ದೋಣಿ ಮಚ್ಚೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ, ಎರಡನೇ ಸಲ ಹೊಡೆದ ರಾತ್ರಿಯೇ ಮಳೆ ಬಂದು ತೊಳೆದಿತ್ತು. ಮಾಬ್ಲಣ್ಣ ಎರಡೂ ತೆನೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಒಂದು ಬೆರಳಿಗೆ ಇಷ್ಟೆಲ್ಲ ನಾತ ಕುಡಿಯಬೇಕಾ?" ಅಂದ. ಎಕರೆಗೆ ಎಷ್ಟು ತೆನೆ ಇರುತ್ತದೆ ಅಂತ ಲೆಕ್ಕ ಹಾಕಿ ಹೇಳಿದೆ. ಆಮೇಲೆ ಪುಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದ.

ದಂಟು ಹೊಲದಲ್ಲೇ ಬಿಡಬೇಡಿ. ಅಂಗಮಾರಿಯ ಶಿಲೀಂಧ್ರ ಮುಂದಿನ ಮಳೆಗಾಲದವರೆಗೆ ಒಣ ಎಲೆಯಲ್ಲೇ ಕೂತಿರುತ್ತದೆ. ದನ ತಿಂದು ಉಳಿದದ್ದನ್ನು ಕೊಚ್ಚಿ ಗುಂಡಿಗೆ ತುಂಬಿ, ಸಿಪ್ಪೆ ಬರುವವರೆಗೆ ಅದು ಕೊಳೆಯುತ್ತಿರಲಿ.